ಆ ಕಾಡಿನ ಲೆಕ್ಕದ ಪುಸ್ತಕ

ಹಿಮಾಲಯ ನೋಡಲು ಹೋಗಿ ಲೆಕ್ಕದ ಪುಸ್ತಕ ನೋಡಿ ಬಂದೆವು ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. "36 ವರ್ಷ ಬ್ಯಾಂಕಿನಲ್ಲಿ ಅದನ್ನೇ ನೋಡಿದ್ದು ಸಾಕಾಗಲಿಲ್ಲವೇ ಮಾರಾಯ?" ಎನ್ನುತ್ತಾರೆ. ನಾನು ಬಿ.ಕಾಂ. ಓದಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಲೆಡ್ಜರು ಕಂಡರೆ ಇವತ್ತಿಗೂ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ. ಆದರೆ ನೇಪಾಳದ ಆ ಗುಡ್ಡದ ಊರಿನಲ್ಲಿ ಕಂಡಂಥ ಪುಸ್ತಕವನ್ನು ನನ್ನ ಸರ್ವಿಸ್ಸಿನಲ್ಲಿ ಎಂದೂ ಕಂಡಿರಲಿಲ್ಲ. ಅದು ಒಂದು ಕಾಡಿನ ಲೆಕ್ಕ.

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರು ಹೊರಟೆವು. ನಾನು, ನಮ್ಮ ಮನೆಯವಳು, ಏಳನೇ ತರಗತಿಯ ಪರೀಕ್ಷೆ ಮುಗಿಸಿದ್ದ ಮೊಮ್ಮಗಳು. ಮೊದಲು ಕಾಠ್ಮಂಡುವಿನ ಪಶುಪತಿನಾಥ. ಅಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರು. ಶತಮಾನಗಳಿಂದ ನಡೆದುಬಂದ ಸಂಪ್ರದಾಯ ಅದು. ಅಷ್ಟು ದೂರದಲ್ಲಿ ನಮ್ಮವರ ಕೈಯಿಂದ ಪ್ರಸಾದ ಸಿಕ್ಕಿತೆಂದು ನಮ್ಮ ಮನೆಯವಳಿಗೆ ಅಲ್ಲಿಗೇ ಯಾತ್ರೆ ಸಾರ್ಥಕವಾಯಿತು. ಮೊಮ್ಮಗಳಿಗೆ ಮಾತ್ರ ಹಿಮದ ಬೆಟ್ಟ ನೋಡಲೇಬೇಕಿತ್ತು. ಅದಕ್ಕಾಗಿ ಕಾಠ್ಮಂಡುವಿನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದ ಧುಲಿಖೇಲ್‌ಗೆ ಕಾರು ಮಾಡಿದೆವು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಲಾಂಗ್‌ಟಾಂಗ್, ಗೌರೀಶಂಕರ ಶಿಖರಗಳ ಸಾಲು ಕಾಣುತ್ತದೆ.

ಕಾರಿನ ಚಾಲಕ ಬಾಗಿಲು ತೆಗೆಯುತ್ತಲೇ, "ಊಟ ಆಯ್ತಾ ಸಾರ್?" ಎಂದು ಕನ್ನಡದಲ್ಲಿ ಕೇಳಿದ! ಎಂಟು ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರನಾಗಿದ್ದನಂತೆ. ಕೂಡಿಟ್ಟ ಹಣದಲ್ಲಿ ಊರಿಗೆ ಮರಳಿ ಈ ಹಳೆಯ ಕಾರು ಕೊಂಡಿದ್ದಾನೆ. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ನಮ್ಮ ಮಾತು ಸರಾಗವಾಗಿ ಸಾಗಿತು.

"ಈ ರಸ್ತೆ ಚೀನಾದವರು ಮಾಡಿಕೊಟ್ಟಿದ್ದು," ಎಂದ ಆತ. ಅದು ಅರನಿಕೋ ಹೆದ್ದಾರಿ. 1960ರ ದಶಕದಲ್ಲಿ ಚೀನಾದ ನೆರವಿನಿಂದ ಟಿಬೆಟ್ ಗಡಿಯವರೆಗೆ ಆದದ್ದು. ಧುಲಿಖೇಲ್ ಕಡೆಯಿಂದ ಸಿಂಧುಲಿಯ ಬೆಟ್ಟಗಳನ್ನು ದಾಟಿ ತರಾಯಿ ಬಯಲಿಗೆ ಇಳಿಯುವ ಬಿ.ಪಿ. ಹೆದ್ದಾರಿ ಜಪಾನಿನದು. 2015ರಲ್ಲಿ ಪೂರ್ತಿಯಾಯಿತು. 2024ರ ಸೆಪ್ಟೆಂಬರಿನ ಮಹಾಮಳೆಗೆ ರೋಶಿ ನದಿ ಅದನ್ನು ಹಲವು ಕಡೆ ಕೊಚ್ಚಿಕೊಂಡು ಹೋಯಿತು.

"ಅಜ್ಜ, ನಾವೇನೂ ಕೊಟ್ಟಿಲ್ಲವಾ?" ಮೊಮ್ಮಗಳಿಗೆ ಸ್ವಲ್ಪ ಅವಮಾನವಾದಂತಿತ್ತು. ಕೊಟ್ಟಿದ್ದೇವೆ. ಕಾಠ್ಮಂಡುವನ್ನು ನಮ್ಮ ಗಡಿಗೆ ಮೊದಲ ಬಾರಿ ಜೋಡಿಸಿದ ತ್ರಿಭುವನ ರಾಜಪಥವನ್ನು 1950ರ ದಶಕದಲ್ಲಿ ಕಟ್ಟಿದವರು ನಮ್ಮ ಭಾರತದವರು. ಅವಳು ಸಮಾಧಾನಗೊಂಡು ತನ್ನ ಪುಟ್ಟ ನೋಟುಬುಕ್ಕಿನಲ್ಲಿ 'ಯಾರು ಏನು ಕೊಟ್ಟರು' ಎಂದು ಪಟ್ಟಿ ಮಾಡಲು ಶುರುಮಾಡಿದಳು.

ಧುಲಿಖೇಲ್‌ನಲ್ಲಿ ಬೆಳಗಿನ ಐದಕ್ಕೆ ಎದ್ದು ತಾರಸಿಗೆ ಓಡಿದೆವು. ಹಿಮಾಲಯವಿರಲಿ, ಎದುರಿನ ಗುಡ್ಡವೇ ಕಾಣಲಿಲ್ಲ. ಎಲ್ಲೆಲ್ಲೂ ಬೂದು ಬಣ್ಣದ ಮಬ್ಬು. ಏಪ್ರಿಲ್ ಅಲ್ಲಿ ಕಾಡ್ಗಿಚ್ಚಿನ ತಿಂಗಳು. ಮಳೆ ಬೀಳುವವರೆಗೆ ಹೀಗೆಯೇ ಎಂದರು ಹೋಟೆಲಿನವರು. ಮೊಮ್ಮಗಳ ಮುಖ ಬಾಡಿತು. ಅದನ್ನು ನೋಡಿ ಚಾಲಕನೇ ಉಪಾಯ ಹೇಳಿದ. "ಇವತ್ತು ಶನಿವಾರ, ನಮಗೆ ವಾರದ ರಜೆ. ನಮ್ಮೂರಲ್ಲಿ ಕಾಡಿನ ಸಭೆ ಇದೆ. ನಾನು ಹೇಗೂ ಹೋಗಬೇಕು, ಮನೆಗೊಬ್ಬರು ಹೋಗಲೇಬೇಕು. ನೀವೂ ಬನ್ನಿ. ಗುರಾಂಸ್ ಹೂವು ಇನ್ನೂ ಇದೆ."

ಬೋಳುಗುಡ್ಡದ ಕಥೆ

ಗುರಾಂಸ್ ಎಂದರೆ ನೇಪಾಳದ ರಾಷ್ಟ್ರಪುಷ್ಪ, ನಮ್ಮ ದಾಸವಾಳದ ಕೆಂಪಿನ ಗೊಂಚಲು ಹೂವು. ಒಂದೂವರೆ ಗಂಟೆಯ ಧೂಳಿನ ದಾರಿಯ ನಂತರ ಅದನ್ನು ಕಂಡೆವು. ಊರು ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿತ್ತು. ಕೆಳಗೆ ಗದ್ದೆ, ನಡುವೆ ಮನೆ, ಮೇಲೆ ಕಾಡು. ಕಾಡಿನಲ್ಲಿ ಎತ್ತರದ ಪೈನ್ ಮರಗಳು. ಅವುಗಳ ಕೆಳಗೆ ಚಿಲೌನೆ, ಕಟುಸ್ ಎಂಬ ಅಗಲ ಎಲೆಯ ಮರಗಳು ದಟ್ಟವಾಗಿ ಬೆಳೆದಿದ್ದವು. ಚಿಲೌನೆಯ ತೊಗಟೆ ಮುಟ್ಟಿದರೆ ತುರಿಕೆ. ಹೆಸರೇ ಅದರಿಂದ ಬಂದದ್ದಂತೆ. ಮೊಮ್ಮಗಳು ಮುಟ್ಟಿ ನೋಡಿಯೇ ನಂಬಿದಳು!

ಹೆಂಗಸರು ಬಿದಿರಿನ ಬುಟ್ಟಿಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಒಣ ಎಲೆ ಹೊತ್ತು ಇಳಿಯುತ್ತಿದ್ದರು. ಆ ಬುಟ್ಟಿಗೆ ಡೋಕೋ ಎಂದು ಹೆಸರು. ಎಲೆ ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ಮೆತ್ತೆಯಾಗಿ, ಗೊಬ್ಬರವಾಗಿ ಗದ್ದೆ ಸೇರುತ್ತದೆ. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಶಿರಸಿ-ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇರುವುದು ಇದಕ್ಕೇ ತಾನೆ? ಚಿಕ್ಕಂದಿನಲ್ಲಿ ನಾನೂ ಸೊಪ್ಪಿನ ಹೊರೆ ಹೊತ್ತವನೇ.

ದಾರಿಯಲ್ಲಿ ಚಾಲಕನ ತಂದೆ ಸಿಕ್ಕರು. ನನಗಿಂತ ಎರಡು ವರ್ಷ ದೊಡ್ಡವರು. ಅವರು ಕೋಲಿನಿಂದ ಮೇಲಿನ ಕಾಡು ತೋರಿಸಿ, "ನಾನು ಹುಡುಗನಾಗಿದ್ದಾಗ ಇಲ್ಲಿಂದ ಕಲ್ಲು ಉರುಳಿಸಿದರೆ ತಡೆಯಲು ಒಂದು ಮರ ಇರಲಿಲ್ಲ," ಎಂದರು.

ಆ ಕಥೆಯನ್ನು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಈ ಗುಡ್ಡಗಾಡಿನಲ್ಲಿ ಹಲವು ಊರುಗಳಿಗೆ ತಮ್ಮದೇ ಕಾವಲುಗಾರನಿದ್ದ. ಅವನಿಗೆ ಪ್ರತಿ ಮನೆಯಿಂದ ಮಾನಾ ಲೆಕ್ಕದಲ್ಲಿ ಧಾನ್ಯ ಕೊಡುತ್ತಿದ್ದರು. ಮಾನಾ ಎಂದರೆ ಸುಮಾರು ಅರ್ಧ ಲೀಟರಿನ ಅಳತೆ. 1957ರಲ್ಲಿ ನೇಪಾಳ ಸರ್ಕಾರ ಖಾಸಗಿ ಕಾಡುಗಳನ್ನೆಲ್ಲ ರಾಷ್ಟ್ರದ ಸ್ವತ್ತು ಎಂದು ಸಾರಿತು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಜನರಿಗೆ ಅನ್ನಿಸಿದ್ದು ಬೇರೆ. 'ಇನ್ನು ಕಾಡು ನಮ್ಮದಲ್ಲ, ಸರ್ಕಾರದ್ದು. ಸರ್ಕಾರದ ಕಾವಲುಗಾರ ಗುಡ್ಡದಾಚೆ ಇದ್ದಾನೆ. ನಾನು ಕಡಿಯದಿದ್ದರೆ ಪಕ್ಕದವನು ಕಡಿಯುತ್ತಾನೆ.' ಗುಡ್ಡಗಳು ಬೋಳಾದವು. ಸೌದೆಗೆ ಅರ್ಧ ದಿನ ನಡೆಯಬೇಕಾಯಿತು.

ಆಗ ಒಬ್ಬ ಅರಣ್ಯಾಧಿಕಾರಿ ಹೊಸದೊಂದು ದಾರಿ ಹಿಡಿದರು. ಪಕ್ಕದ ಸಿಂಧುಪಾಲ್ಚೋಕ್ ಜಿಲ್ಲೆಯ ಠೋಕರ್ಪಾ ಎಂಬ ಊರಿನಲ್ಲಿ, 1973ರ ಸುಮಾರಿಗೆ, ತೇಜ್ ಬಹಾದುರ್ ಸಿಂಗ್ ಮಹತ್ ಎಂಬ ಆ ಅಧಿಕಾರಿಯೂ ನೀಲ್ ಪ್ರಸಾದ್ ಭಂಡಾರಿ ಎಂಬ ಊರ ಮುಖಂಡರೂ ಕೂಡಿ ಗುಡ್ಡವನ್ನು ಊರವರ ಕೈಯಲ್ಲೇ ಕಾಯಿಸಿದರು. ಕಾಯಿದೆಯಲ್ಲಿ ಅದಕ್ಕೆ ಇನ್ನೂ ಜಾಗವಿರಲಿಲ್ಲ. ಐದು ವರ್ಷದ ಮೇಲೆ, 1978ರಲ್ಲಿ, ಊರ ಪಂಚಾಯತಿಗಳಿಗೆ ಕಾಡು ವಹಿಸಿಕೊಡುವ ನಿಯಮ ಬಂತು. ಅದೇ ವರ್ಷ ಸಿಂಧುಪಾಲ್ಚೋಕ್ ಮತ್ತು ಕಾವ್ರೆಪಲಾಂಚೋಕ್, ಅಂದರೆ ಧುಲಿಖೇಲ್ ಇರುವ ಜಿಲ್ಲೆ, ಈ ಎರಡಕ್ಕೂ ಆಸ್ಟ್ರೇಲಿಯಾದ ನೆರವಿನ ಅರಣ್ಯ ಯೋಜನೆ ಬಂತು. ಮುಂದೆ ಬೇರೆ ಬೇರೆ ಜಿಲ್ಲೆಗಳಿಗೆ ವಿಶ್ವಬ್ಯಾಂಕ್, ಬ್ರಿಟನ್, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್ ಎಲ್ಲರ ಹಣವೂ ಬಂತು.

ಮೊದಮೊದಲು ಹೊರಗಿನವರಿಗೆ ಒಂದು ತಪ್ಪು ಕಲ್ಪನೆಯಿತ್ತು. ಕಾಡು ಹಾಳಾಗಲು ಹಳ್ಳಿಯವರ ಅಜ್ಞಾನವೇ ಕಾರಣ, ಅವರಿಗೆ ಸಸಿಯನ್ನೂ ಬುದ್ಧಿಯನ್ನೂ ಕೊಟ್ಟರೆ ಸಾಕು ಎಂದುಕೊಂಡಿದ್ದರು. ಪೈನ್ ಸಸಿಗಳನ್ನು ಲಕ್ಷಗಟ್ಟಲೆ ಬೆಳೆಸಿದರು. ಹಳ್ಳಿಯವರಿಗೆ ಬೇಕಾಗಿದ್ದುದು ದನಕ್ಕೆ ಮೇವಾಗುವ ಮರ. ಆದರೆ ಬೋಳುಗುಡ್ಡದ ಬಿಸಿಲಿಗೆ, ದನದ ಬಾಯಿಗೆ ತಡೆದು ನಿಲ್ಲುತ್ತಿದ್ದುದು ಪೈನ್ ಒಂದೇ. ನೆಟ್ಟ ಸಸಿಯನ್ನು ಊರವರು ಕಾದ ಕಡೆ ಪೈನ್ ಎದ್ದಿತು. ಅದರ ನೆರಳಿನಲ್ಲಿ, ಯಾರೂ ನೆಡದ ಚಿಲೌನೆ, ಕಟುಸ್ ತಾವಾಗಿ ಚಿಗುರಿದವು. ಊರವರು ಕಾಯದ ಕಡೆ ಸಸಿಗೆ ಕೊಟ್ಟ ಹಣ ಮಣ್ಣುಪಾಲಾಯಿತು. ಹೀಗೆ ಕೊಡುವವರೂ ಕಲಿತರು. 1993ರ ಕಾಯಿದೆ ಬಂದಾಗ ಕಾಡನ್ನು ಬಳಸುವ ಮನೆಗಳೆಲ್ಲ ಸೇರಿದ 'ಉಪಭೋಕ್ತಾ ಸಮೂಹ'ಕ್ಕೇ ಅದನ್ನು ನೋಡಿಕೊಳ್ಳುವ ಹಕ್ಕು ಸಿಕ್ಕಿತು. ನೆಲ ಸರ್ಕಾರದ್ದು. ಸೌದೆ, ಸೊಪ್ಪು, ಮರ, ಅದರ ಆದಾಯ ಸಮೂಹದ್ದು. ಇಂಥ ಸಮೂಹಗಳು ನೇಪಾಳದಲ್ಲಿ ಇಂದು 22 ಸಾವಿರಕ್ಕೂ ಹೆಚ್ಚು. 1992ರಲ್ಲಿ ದೇಶದ ನೆಲದಲ್ಲಿ ಶೇಕಡಾ 26ರಷ್ಟಿದ್ದ ಕಾಡು 2016ರ ವೇಳೆಗೆ ಶೇಕಡಾ 45ರಷ್ಟಾಗಿತ್ತೆಂದು ಉಪಗ್ರಹ ಚಿತ್ರಗಳ ಅಧ್ಯಯನ ಹೇಳುತ್ತದೆ.

ಮೊಮ್ಮಗಳು ಕಾಡಿನ ಬಾಯಲ್ಲಿ ಆಸ್ಟ್ರೇಲಿಯಾದ ಬೋರ್ಡು ಹುಡುಕಿದಳು, ಪಟ್ಟಿಗೆ ಸೇರಿಸಲು. ತುಕ್ಕು ಹಿಡಿದ ಒಂದು ತಗಡು ಸಿಕ್ಕಿತು. ಅಕ್ಷರ ಅಳಿಸಿಹೋಗಿತ್ತು. "ಅವರು ಹೋಗಿ ಎಷ್ಟೋ ವರ್ಷವಾಯಿತು," ಎಂದರು ಮುದುಕರು.

ಕಟ್ಟೆಯ ಮೇಲಿನ ಸಭೆ

ಸಭೆ ನಡೆದದ್ದು ಅರಳಿಮರದ ಕಟ್ಟೆಯ ಸುತ್ತ. ನಮ್ಮೂರ ಕಟ್ಟೆಯ ಹಾಗೆಯೇ ಇತ್ತು. ಅಧ್ಯಕ್ಷರು, ಸಚಿವರು, ಕೋಷಾಧ್ಯಕ್ಷರು ಎಂದು ಪರಿಚಯಿಸಿದರು. "ಅಜ್ಜ, ಮಂತ್ರಿಗಳೂ ಬಂದಿದ್ದಾರೆ!" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅಲ್ಲಿ ಸಚಿವ ಎಂದರೆ ಕಾರ್ಯದರ್ಶಿ. ಈ 'ಸಚಿವರು' ಹರಿದ ಸ್ವೆಟರ್ ಹಾಕಿದ್ದ ಶಾಲಾ ಮಾಸ್ತರರು. ಕೋಷಾಧ್ಯಕ್ಷರು ನಲವತ್ತರ ಆಸುಪಾಸಿನ ಹೆಂಗಸು. ಓದಿದ್ದು ಎಂಟನೇ ತರಗತಿ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಇದೆಯಂತೆ.

ಆಕೆ ಎದ್ದು ನಿಂತು ಲೆಕ್ಕ ಓದಿದರು. ಪೂರ್ತಿ ಓದಿದರು. ತೆಳುಮಾಡಲು ಕಡಿದ ಪೈನ್ ಮಾರಿ ಬಂದದ್ದು, ಸದಸ್ಯರ ಶುಲ್ಕ, ಹಸಿಮರ ಕಡಿದವರ ದಂಡ. ಖರ್ಚಿನ ಕಡೆ ಕಾವಲುಗಾರನ ಸಂಬಳ, ಬೆಂಕಿ ಆರಿಸಲು ಹೋದವರ ಚಹಾ-ಅವಲಕ್ಕಿ, ಶಾಲೆಯ ತಗಡು, ಬಡವರ ಮನೆಗಳಿಗೆ ಆಡು ಕೊಳ್ಳಲು ಕೊಟ್ಟ ಸಾಲ. ಯಾರು ಬಡವರು ಎಂದು ಹೊರಗಿನವರು ಹೇಳುವುದಿಲ್ಲ. ಊರವರೇ ಕೂತು ಮನೆಗಳನ್ನು ಕ, ಖ, ಗ, ಘ ಎಂದು ನಾಲ್ಕು ಪಟ್ಟಿ ಮಾಡುತ್ತಾರೆ. 2015ರ ಭೂಕಂಪದಲ್ಲಿ ಮನೆ ಬಿದ್ದವರಿಗೆ ಕೊಟ್ಟ ಮರದ ಹಳೆಯ ಲೆಕ್ಕವೂ ಆ ಪುಸ್ತಕದ ಹಿಂದಿನ ಪುಟಗಳಲ್ಲಿತ್ತು.

ನಾನು ಬ್ಯಾಂಕಿನವನೆಂದು ಚಾಲಕ ಹೇಳಿಬಿಟ್ಟಿದ್ದ. ಪುಸ್ತಕ ನನ್ನ ಕೈಗೆ ಬಂತು. ಅಂಕಿಗಳು ನಾಗರಿ ಲಿಪಿಯಲ್ಲಿದ್ದುದರಿಂದ ತೊಡಕಾಗಲಿಲ್ಲ. ಹಳೆಯ ಅಭ್ಯಾಸದಂತೆ ಬೆರಳಿಟ್ಟು ಕೂಡಿದೆ. ಒಂದು ಪುಟದಲ್ಲಿ 450 ರೂಪಾಯಿ ವ್ಯತ್ಯಾಸ. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಲೆಕ್ಕದಲ್ಲಿ ಅದು ನಮ್ಮ ಮುನ್ನೂರರ ಒಳಗಿನ ಮೊತ್ತ. ಹೇಳಲೋ ಬೇಡವೋ ಎಂದು ನಾನು ಅನುಮಾನಿಸುವಷ್ಟರಲ್ಲಿ ಕೋಷಾಧ್ಯಕ್ಷರೇ ನನ್ನ ಬೆರಳು ನಿಂತಲ್ಲಿ ನೋಡಿ, "ಅದು ಮುಂದಿನ ಪುಟದಲ್ಲಿದೆ," ಎಂದರು. ಪುಟ ತಿರುಗಿಸಿದೆ. ಇತ್ತು! ಸಭೆ ನಕ್ಕಿತು. ನಾನೂ ನಕ್ಕೆ.

ಆಮೇಲೆ ನಗು ನಿಂತಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಅವಳದು ಕಮ್ಮಾರರ ಕೇರಿ. ಊರ ಮನೆಗಳ ಕತ್ತಿ, ಗುದ್ದಲಿ ಹಣಿದುಕೊಟ್ಟು ವರ್ಷಕ್ಕಿಷ್ಟು ಧಾನ್ಯ ಪಡೆಯುವ ಕುಟುಂಬ. ಅವಳು ಹೇಳಿದ್ದನ್ನು ಚಾಲಕ ತಗ್ಗಿದ ದನಿಯಲ್ಲಿ ಅನುವಾದಿಸಿದ. "ಕಾಡು ಹಸಿರಾಯಿತು ಎಂದು ಎಲ್ಲರೂ ಹೇಳುತ್ತೀರಿ. ಹಸಿರಾದ ಮೇಲೆ ಇದ್ದಲು ಸುಡಬಾರದು ಎಂದು ನಿಯಮ ಮಾಡಿದಿರಿ. ಇದ್ದಲಿಲ್ಲದೆ ಕುಲುಮೆ ಹೇಗೆ ಉರಿಯಬೇಕು? ನಿಮಗೆ ಹುಲ್ಲು ಕೊಯ್ಯಲು ಕತ್ತಿ ಬೇಕು, ನಮ್ಮ ಒಲೆಗೆ ಮಾತ್ರ ಕಾಡಿಲ್ಲ. ಮೂರು ವರ್ಷದಿಂದ ಕೇಳುತ್ತಿದ್ದೇನೆ. ಪುಸ್ತಕದಲ್ಲಿ ನೋಡಿ."

ಮಾಸ್ತರರು ನಿರ್ಣಯ ಪುಸ್ತಕದ ಪುಟ ತಿರುವಿದರು. ಇತ್ತು. ಮೂರು ವರ್ಷವೂ ಅವಳ ಪ್ರಶ್ನೆ ಬರೆದಿಟ್ಟಿದ್ದರು, ಉತ್ತರದ ಜಾಗದಲ್ಲಿ 'ಮುಂದಿನ ಸಭೆಗೆ' ಎಂದಿತ್ತು.

ಕಾಲಂ ಇಲ್ಲದ ಪ್ರಶ್ನೆ

ಆ ಕ್ಷಣಕ್ಕೆ ನನ್ನ ಮನಸ್ಸು ನಲವತ್ತು ವರ್ಷ ಹಿಂದಕ್ಕೆ ಹೋಯಿತು. ಆಗ ನಾನು ಬಯಲುಸೀಮೆಯ ಒಂದು ಶಾಖೆಯಲ್ಲಿದ್ದೆ. ಬಡವರಿಗೆ ಸಹಾಯಧನದ ಎಮ್ಮೆ ಸಾಲ ಕೊಡುವ ಕಾಲ. ಪಟ್ಟಿ ಮೇಲಿನಿಂದ ಬರುತ್ತಿತ್ತು, ಮಾರ್ಚಿಯೊಳಗೆ ಗುರಿ ಮುಟ್ಟಬೇಕಿತ್ತು. ಒಬ್ಬ ವಿಧವೆ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದಳು: "ಎಮ್ಮೆಯೇನೋ ಕೊಡ್ತೀರಿ ಸಾಮಿ, ಹುಲ್ಲು ಎಲ್ಲಿಂದ ತರಲಿ? ಕುರಿ ಕೊಟ್ಟರೆ ಸಾಕ್ತೀನಿ." ನನ್ನ ಫಾರಂನಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ," ಎಂದೆ. ಬೇಸಿಗೆಯಲ್ಲಿ ಎಮ್ಮೆ ಬತ್ತಿತು, ಮಾರಾಟವಾಯಿತು. ಮೂರು ವರ್ಷದ ಮೇಲೆ ಅವಳಿಗೆ ಹೋದ ಸಾಲ ವಸೂಲಿ ನೋಟೀಸನ್ನು ಟೈಪು ಮಾಡಿದವನೂ ನಾನೇ. ಹಣ ಕೊಟ್ಟವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ನನ್ನ ಲೆಡ್ಜರಿನಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಆದರೂ ಅವಳ ಮನೆ ಮುಳುಗಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಆ ಕಮ್ಮಾರಗಿತ್ತಿಗೂ ಮೂರು ವರ್ಷ ಉತ್ತರ ಸಿಕ್ಕಿರಲಿಲ್ಲ, ನಿಜ. ಊರವರೇ ನಡೆಸಿದ ಮಾತ್ರಕ್ಕೆ ನ್ಯಾಯ ತಾನಾಗಿ ಬಂದುಬಿಡುವುದಿಲ್ಲ. ಗದ್ದೆ ಇದ್ದವರ ದನಿ ಅಲ್ಲಿಯೂ ಜೋರೇ. ಆದರೆ ಅವಳ ಪ್ರಶ್ನೆ ಪುಸ್ತಕದಲ್ಲಿತ್ತು. ಅದನ್ನು ತೆಗೆಯಿಸಿ ಎಲ್ಲರೆದುರು ಓದಿಸುವ ಹಕ್ಕು ಅವಳಿಗಿತ್ತು.

ಒಂದು ಗಂಟೆ ವಾದ ನಡೆಯಿತು. ಇದ್ದಲು ಸುಡಲು ಹೋಗಿ ಕಾಡಿಗೇ ಬೆಂಕಿ ಬಿದ್ದರೆ ಯಾರು ಹೊಣೆ ಎಂದರು ಕೆಲವರು. ಒಣಗಿದ ಪೈನ್ ಎಲೆಗೆ ಒಂದು ಕಿಡಿ ಸಾಕು. ಆ ದಿನದ ಆಕಾಶವೇ ಅದಕ್ಕೆ ಸಾಕ್ಷಿಯಾಗಿತ್ತು. ಕಡಿದ ಪೈನ್ ಕೊಡೋಣ ಎಂದರು ಇನ್ನು ಕೆಲವರು. "ಪೈನ್ ಇದ್ದಲು ಹುಲ್ಲಿನಂತೆ ಉರಿದುಹೋಗುತ್ತದೆ, ಗಟ್ಟಿಮರ ಬೇಕು," ಎಂದಳು ಅವಳು. ಕೊನೆಗೆ ಕೋಷಾಧ್ಯಕ್ಷರು, "ನನ್ನ ಕತ್ತಿಯೂ ಮೊಂಡಾಗಿದೆ," ಎಂದಾಗ ಹೆಂಗಸರೆಲ್ಲ ದನಿಗೂಡಿಸಿದರು. ತೀರ್ಮಾನವಾಯಿತು. ಒಂದು ವರ್ಷದ ಮಟ್ಟಿಗೆ, ಮಳೆ ಶುರುವಾದ ಮೇಲೆ, ತೊರೆಯ ಪಕ್ಕದ ಬಯಲಿನಲ್ಲಿ ಮಾತ್ರ, ಸಮಿತಿ ಗುರುತು ಹಾಕಿದ ಚಿಲೌನೆ ಕೊಂಬೆಗಳಿಂದ ಇದ್ದಲು ಸುಡಬಹುದು. ಮಾಸ್ತರರು ಬರೆದು ಓದಿದರು. ಅವಳೂ ಹೆಬ್ಬೆಟ್ಟು ಒತ್ತಿದಳು. ಅದಕ್ಕೂ ಮೊದಲು ಮಾಸ್ತರರಿಂದ ಎರಡನೇ ಸಲ ಓದಿಸಿಕೊಂಡಳು.

ಅವಳಿಗೆ ಸಮಾಧಾನವಾಯಿತೇ ಎಂದು ಚಾಲಕನ ಮೂಲಕ ಕೇಳಿಸಿದೆ. "ಮಳೆ ಬರಲಿ, ನೋಡೋಣ," ಎಂದಳು.

ಹಿಂತಿರುಗುವಾಗ ಮುದುಕರು ಇನ್ನೊಂದು ಚಿಂತೆ ಹೇಳಿಕೊಂಡರು. ಕಾಡಿನ ಜತೆ ಚಿರತೆಯೂ ಮಂಗಗಳೂ ಬಂದಿವೆ. ಮಂಗಗಳು ಜೋಳ ಉಳಿಸುವುದಿಲ್ಲ. ಓಡಿಸಲು ಹುಡುಗರಿಲ್ಲ. ಅವರೆಲ್ಲ ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ, ನಮ್ಮ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. "ಸಭೆಗೆ ಬರುವ ತಲೆಗಳೆಲ್ಲ ಬೆಳ್ಳಗಾಗುತ್ತಿವೆ," ಎಂದು ತಮ್ಮ ತಲೆ ಮುಟ್ಟಿಕೊಂಡು ನಕ್ಕರು. ನಾನೂ ನನ್ನ ತಲೆ ಮುಟ್ಟಿಕೊಂಡೆ.

ಕಾರಿನಲ್ಲಿ ಮೊಮ್ಮಗಳು ನೋಟುಬುಕ್ಕು ತೆರೆದಳು. ಚೀನಾ: ರಸ್ತೆ. ಜಪಾನ್: ರಸ್ತೆ. ಭಾರತ: ರಸ್ತೆ. ಮುಂದಿನ ಸಾಲಿನಲ್ಲಿ ಪೆನ್ನು ನಿಂತಿತ್ತು. "ಅಜ್ಜ, ಕಾಡು ಯಾರು ಕೊಟ್ಟಿದ್ದು ಅಂತ ಬರೆಯಲಿ?"

"ನಿನಗೇನು ಅನ್ನಿಸುತ್ತೆ?" ಎಂದೆ.

ಅವಳು ಯೋಚಿಸಿ, 'ಆಸ್ಟ್ರೇಲಿಯಾ: ಸಸಿ' ಎಂದು ಬರೆದಳು. ಅದರ ಕೆಳಗೆ, 'ಊರಿನವರು: ಕಾಡು'.

ಊರಿಗೆ ಮರಳಿದ ಮೇಲೆ ನನಗೆ ಒಂದು ವಿಷಯ ಚುಚ್ಚತೊಡಗಿತು. 1990ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆಯಲ್ಲಿ ನಮ್ಮ ಉತ್ತರ ಕನ್ನಡದಲ್ಲೂ ಗ್ರಾಮ ಅರಣ್ಯ ಸಮಿತಿಗಳಾದವು. ನಮ್ಮೂರಿನಲ್ಲೂ ಒಂದು ಆಯಿತು. ನಾನು ಶುಲ್ಕ ಕೊಟ್ಟು ಸದಸ್ಯನಾಗಿದ್ದೆ. ಒಂದು ಸಭೆಗೂ ಹೋಗಿರಲಿಲ್ಲ. ನಿವೃತ್ತನಾಗಿ ಊರಿನಲ್ಲೇ ಇದ್ದರೂ ಹೋಗಿರಲಿಲ್ಲ. ಹಣ ಬರುವುದು ನಿಂತ ಮೇಲೆ ಸಭೆಯೂ ಅಪರೂಪವಾಯಿತೆಂದು ನಾವು ಕಟ್ಟೆಯ ಮೇಲೆ ಕೂತು ಟೀಕೆ ಮಾತ್ರ ಮಾಡುತ್ತಿದ್ದೆವು.

ಮಳೆಗಾಲಕ್ಕೆ ಮುಂಚೆ ಸಭೆ ಕರೆಯಿಸಿದೆವು. ಹನ್ನೊಂದು ಜನ ಬಂದರು. ಎಲ್ಲವೂ ಬಿಳಿ ತಲೆಗಳು, ನನ್ನ ಮೊಮ್ಮಗಳೊಬ್ಬಳನ್ನು ಬಿಟ್ಟು. ಹಳೆಯ ಪುಸ್ತಕ ಯಾರದೋ ಅಟ್ಟದಲ್ಲಿ ಸಿಕ್ಕಿತು, ಒಂದು ಮೂಲೆ ಗೆದ್ದಲು ತಿಂದಿತ್ತು. ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಕೂಡಿಸುವುದು ಮೊಮ್ಮಗಳ ಕೆಲಸ. ಪುಸ್ತಕದ ಕೊನೆಯ ಖಾಲಿ ಪುಟಕ್ಕೆ ಅವಳೇ ಗೆರೆ ಎಳೆದು ಎರಡು ಕಾಲಂ ಮಾಡಿದಳು. ಒಂದಕ್ಕೆ 'ಪ್ರಶ್ನೆ' ಎಂದು ಬರೆದಳು, ಇನ್ನೊಂದಕ್ಕೆ 'ಉತ್ತರ' ಎಂದು. ಮೊದಲ ಪ್ರಶ್ನೆ ಕೆಳಗಿನ ಕೇರಿಯ ಒಬ್ಬ ಅಜ್ಜಿಯದು. ಉತ್ತರದ ಜಾಗ ಇನ್ನೂ ಖಾಲಿ ಇದೆ. ಮುಂದಿನ ಸಭೆ ದೀಪಾವಳಿ ಮುಗಿದ ಭಾನುವಾರ.